ನಿಮಗಿದು ಗೊತ್ತೆ? ಆಮೆಗೆ ಅನ್ನ ಆಗಿಬರದು!

ಆಮೆಗೆ ಹಲ್ಲಿಲ್ಲ, ದವಡೆಯ ಹರಿತ ಅಂಚಿನಿಂದಲೇ ಸೊಪ್ಪು ಕತ್ತರಿಸಿ ನುಂಗುತ್ತದೆ. ಕುರುಚಲು ಕಾಡಿನ ನಕ್ಷತ್ರ ಆಮೆಗೆ ಹುಲ್ಲು, ಎಲೆ, ಹೂವು, ಉದುರಿದ ಹಣ್ಣೇ ಊಟ. ಕೆರೆ, ನದಿಗಳ ಮೆದುಚಿಪ್ಪಿನ ಆಮೆ ಮಾತ್ರ ಮೀನು, ಕಪ್ಪೆ, ಬಸವನಹುಳುವನ್ನೂ ಬಿಡದು. ಪ್ರೀತಿಯಿಂದ ಹಾಕುವ ಅನ್ನ, ಬ್ರೆಡ್ಡು, ಹಾಲು ಇವಕ್ಕೆ ಒಗ್ಗುವುದಿಲ್ಲ. ಸುಣ್ಣದ ಅಂಶ, ಬಿಸಿಲು ಸಾಲದೆ ಹೋದರೆ ಬೆಳೆಯುವ ಮರಿಯ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ.

ಅದೃಷ್ಟ ತರುತ್ತವೆಂದು ಈ ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2019ರಲ್ಲಿ ನಿಷೇಧ ಬಿದ್ದಿದೆ. ಔರಾದ, ಭಾಲ್ಕಿ ಕಡೆ ಮಾಂಜ್ರಾ ನದಿಯ ದಂಡೆಯಲ್ಲೋ ಹೊಲದ ಬದುವಿನಲ್ಲೋ ಆಮೆ ಕಂಡರೆ ಅದರ ಪಾಡಿಗೆ ಬಿಡಿ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.