ಲೂಪಸ್ ಶಂಕೆ: ಯಾವ ವೈದ್ಯರ ಬಾಗಿಲು ತಟ್ಟಬೇಕು?

ಬಾಯಿಯಲ್ಲಿ ಪದೇ ಪದೇ ಹುಣ್ಣಾಗುತ್ತದೆಂದು ದಂತವೈದ್ಯರ ಬಳಿಗೆ. ಕೂದಲು ಉದುರುತ್ತಿದೆಯೆಂದು ಚರ್ಮರೋಗ ತಜ್ಞರ ಬಳಿಗೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗುತ್ತಿಲ್ಲವೆಂದು ಮೂಳೆ ವೈದ್ಯರ ಬಳಿಗೆ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಬಡಾವಣೆಯ ಕ್ಲಿನಿಕ್ಕಿಗೆ. ನಾಲ್ಕೂ ಕಡೆ ಔಷಧ ದೊರೆಯುತ್ತದೆ, ಒಂದಷ್ಟು ದಿನ ಆರಾಮವೂ ಎನಿಸುತ್ತದೆ. ಆದರೆ ಈ ನಾಲ್ಕು ತೊಂದರೆಗಳ ಮೂಲ ಒಂದೇ ಇರಬಹುದೇ ಎಂಬ ಪ್ರಶ್ನೆ ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏಳುವುದೇ ಇಲ್ಲ. ಒಬ್ಬೊಬ್ಬರು ಆನೆಯ ಒಂದೊಂದು ಅಂಗವನ್ನು ಮುಟ್ಟಿ ನೋಡಿದ ಅಂಧಗಜನ್ಯಾಯ ಲೂಪಸ್ ಕಾಯಿಲೆಯ ವಿಷಯದಲ್ಲಿ ಅಕ್ಷರಶಃ ನಿಜವಾಗುತ್ತದೆ.

ಬೇಲಿಯೇ ಹೊಲ ಮೇಯ್ದಾಗ

ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆಯು ದೇಹದ ಸ್ವಂತ ಅಂಗಾಂಗಗಳ ಮೇಲೆಯೇ ತಿರುಗಿ ಬೀಳುವುದನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವ ಪರಿ ಇದು. ಲೂಪಸ್‌ನಲ್ಲಿ ಚರ್ಮ, ಕೀಲು, ರಕ್ತಕಣ, ಶ್ವಾಸಕೋಶದ ಪೊರೆ, ಮೂತ್ರಪಿಂಡ, ಮಿದುಳು ಹೀಗೆ ಯಾವ ಅಂಗವಾದರೂ ದಾಳಿಗೆ ಗುರಿಯಾಗಬಹುದು. ಇದು ಅಂಟುರೋಗವಲ್ಲ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಹಿಳೆಯರು. ಬಹುಪಾಲು 15ರಿಂದ 45 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ.

ಮೂಗಿನ ಎರಡೂ ಬದಿಗೆ ಕೆನ್ನೆಯ ಮೇಲೆ ಚಿಟ್ಟೆಯ ರೆಕ್ಕೆಯಂತೆ ಹರಡುವ ದದ್ದು ಇದರ ಪ್ರಸಿದ್ಧ ಗುರುತು. ಕಂದು ಬಣ್ಣದ ಚರ್ಮದಲ್ಲಿ ಅದು ಕೆಂಪಾಗಿ ಕಾಣದೆ ಕಪ್ಪು ಛಾಯೆಯಾಗಿಯೂ ತೋರಬಹುದು; ಬಂಗು ಎಂದು ತಿಳಿದು ಮುಲಾಮು ಹಚ್ಚಿಕೊಂಡು ಸುಮ್ಮನಾಗುವವರು ಉಂಟು. ಎಲ್ಲ ರೋಗಿಗಳಲ್ಲಿಯೂ ಈ ದದ್ದು ಇರಲೇಬೇಕೆಂದೂ ಇಲ್ಲ.

ತಡವಾಗುವುದೇಕೆ?

ಜ್ವರ ಮತ್ತು ಕೀಲುನೋವು ಒಟ್ಟಿಗೆ ಬಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಚಿಕುನ್‌ಗುನ್ಯಾ. 2006ರಲ್ಲಿ ರಾಜ್ಯದಲ್ಲಿ ಲಕ್ಷಾಂತರ ಮಂದಿಯನ್ನು ಕಾಡಿದ ಆ ಜ್ವರದ ನೆನಪು ಇನ್ನೂ ಮಾಸಿಲ್ಲ. ದೀರ್ಘ ಕಾಲದ ಜ್ವರ, ತೂಕ ಇಳಿಕೆ, ಎದೆಯ ಪೊರೆಯಲ್ಲಿ ನೀರು ಇದ್ದರೆ ಕ್ಷಯವೆಂಬ ಅನುಮಾನ ಸಹಜ. ಲೂಪಸ್‌ನ ಕೀಲುನೋವು ಸಾಮಾನ್ಯವಾಗಿ ಮೂಳೆಯನ್ನು ಸವೆಸುವುದಿಲ್ಲವಾದ್ದರಿಂದ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಆರ್‌ಎ ಫ್ಯಾಕ್ಟರ್ ಪರೀಕ್ಷೆ ನೆಗೆಟಿವ್ ಬಂದೊಡನೆ 'ವಾತವಿಲ್ಲ' ಎಂದು ವಿಚಾರಣೆ ಅಲ್ಲಿಗೇ ನಿಲ್ಲುವುದೂ ಉಂಟು. ಆ ಪರೀಕ್ಷೆ ಮುಖ್ಯವಾಗಿ ರುಮಟಾಯ್ಡ್ ಸಂಧಿವಾತಕ್ಕೆ ಸಂಬಂಧಿಸಿದ್ದು. ಅದರಿಂದ ಲೂಪಸ್ ಇಲ್ಲವೆಂದು ಹೇಳಲಾಗದು.

ಈ ವಿಳಂಬದ ಬೆಲೆಯನ್ನು ಹೆಚ್ಚಾಗಿ ತೆರುವುದು ಮೂತ್ರಪಿಂಡ. ಲೂಪಸ್ ಮೂತ್ರಪಿಂಡಕ್ಕೆ ತಗುಲಿದಾಗ ನೋವಿರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲಿನಲ್ಲಿ ಬಾವು, ಏರಿದ ರಕ್ತದೊತ್ತಡ ಗಮನಕ್ಕೆ ಬರುವ ಹೊತ್ತಿಗೆ ಹಾನಿ ಸಾಕಷ್ಟು ಮುಂದುವರಿದಿರಬಹುದು. ಆದರೆ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಅಥವಾ ರಕ್ತಕಣ ಸೋರುತ್ತಿರುವುದು ಅದಕ್ಕೂ ಮೊದಲೇ ಪತ್ತೆಯಾಗುತ್ತದೆ. ಈ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಆಗುತ್ತದೆ. ಲೂಪಸ್ ಶಂಕೆಯಿರುವ ಯಾರೂ ಇದನ್ನು ಮಾಡಿಸದೆ ಉಳಿಯಬಾರದು.

ಎಎನ್‌ಎ ಎಂಬ ಅರ್ಧಸತ್ಯ

ಕಾಯಿಲೆಯ ಹೆಸರು ಕೇಳಿದೊಡನೆ ಅನೇಕರು ಪ್ರಯೋಗಾಲಯಕ್ಕೆ ಹೋಗಿ ಎಎನ್‌ಎ ಪರೀಕ್ಷೆ ಮಾಡಿಸುತ್ತಾರೆ. ಲೂಪಸ್ ಇರುವ ಬಹುತೇಕ ಎಲ್ಲರಲ್ಲಿಯೂ ಇದು ಪಾಸಿಟಿವ್ ಇರುತ್ತದೆ. ಆದರೆ ಪಾಸಿಟಿವ್ ಬಂದವರಿಗೆಲ್ಲ ಲೂಪಸ್ ಇರುವುದಿಲ್ಲ. ರಕ್ತದ್ರವವನ್ನು 80 ಪಟ್ಟು ತೆಳುವಾಗಿಸಿ ನೋಡಿದಾಗ ಆರೋಗ್ಯವಂತರಲ್ಲಿಯೂ 100ಕ್ಕೆ ಸುಮಾರು 13 ಮಂದಿಯಲ್ಲಿ, 160 ಪಟ್ಟು ತೆಳುವಾಗಿಸಿದಾಗ ಸುಮಾರು 5 ಮಂದಿಯಲ್ಲಿ ಇದು ಪಾಸಿಟಿವ್ ಬರುತ್ತದೆ.

ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರ ಸಂಘಟನೆಗಳು 2019ರಲ್ಲಿ ಜಂಟಿಯಾಗಿ ಪ್ರಕಟಿಸಿದ ಮಾನದಂಡದಲ್ಲಿ ಎಎನ್‌ಎಗೆ ಪ್ರವೇಶದ್ವಾರದ ಸ್ಥಾನ ಮಾತ್ರ ಇದೆ. ಅದನ್ನು ದಾಟಿದ ಮೇಲೆ ಜ್ವರ, ಚರ್ಮ, ಕೀಲು, ರಕ್ತಕಣ, ಮೂತ್ರಪಿಂಡ ಮುಂತಾದವುಗಳಿಗೆ ಅಂಕ ನೀಡಿ, ಒಟ್ಟು 10 ಅಥವಾ ಹೆಚ್ಚು ಬಂದಾಗ ಕಾಯಿಲೆಯನ್ನು ಲೂಪಸ್ ಎಂದು ವರ್ಗೀಕರಿಸಲಾಗುತ್ತದೆ. ಆದ್ದರಿಂದ ಲಕ್ಷಣಗಳಿಲ್ಲದೆ ಎಎನ್‌ಎ ವರದಿಯೊಂದನ್ನೇ ನೋಡಿ ಕಂಗೆಡುವುದು ಬೇಡ. ಲಕ್ಷಣಗಳಿದ್ದೂ ಅದನ್ನು ಕಡೆಗಣಿಸುವುದೂ ಬೇಡ.

ತಜ್ಞರು ಯಾರು, ಪತ್ರ ಯಾವಾಗ ಬೇಕು?

ಲೂಪಸ್ ಚಿಕಿತ್ಸೆಯ ಹೊಣೆ ಹೊರುವವರು ಸಂಧಿವಾತ ತಜ್ಞರು, ಅಂದರೆ ರುಮಟಾಲಜಿಸ್ಟರು. ಮೂಳೆ ಶಸ್ತ್ರಚಿಕಿತ್ಸಕರು ಬೇರೆ, ಇವರು ಬೇರೆ. ಕೆಲವು ಆಸ್ಪತ್ರೆಗಳಲ್ಲಿ ಈ ವಿಭಾಗಕ್ಕೆ 'ಕ್ಲಿನಿಕಲ್ ಇಮ್ಯುನಾಲಜಿ ಮತ್ತು ರುಮಟಾಲಜಿ' ಎಂಬ ಫಲಕ ಇರುತ್ತದೆ. ಈ ತಜ್ಞರ ಸಂಖ್ಯೆ ಕಡಿಮೆ. ಇರುವವರೂ ಹೆಚ್ಚಾಗಿ ದೊಡ್ಡ ನಗರಗಳಲ್ಲಿದ್ದಾರೆ. ಹತ್ತಿರದಲ್ಲಿ ಯಾರೂ ಇಲ್ಲದಿದ್ದಲ್ಲಿ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗವೇ ಮೊದಲ ಮೆಟ್ಟಿಲು.

ಖಾಸಗಿಯಾಗಿ ಹಣ ತೆತ್ತು ತೋರಿಸಿಕೊಳ್ಳುವವರಿಗೆ ಶಿಫಾರಸು ಪತ್ರ ಸಾಮಾನ್ಯವಾಗಿ ಕಡ್ಡಾಯವಲ್ಲ. ಇಎಸ್‌ಐ ಸೌಲಭ್ಯವುಳ್ಳವರು ಮಾತ್ರ ಔಷಧಾಲಯದಿಂದ ಇಎಸ್‌ಐ ಆಸ್ಪತ್ರೆಗೆ, ಅಲ್ಲಿಂದ ಮೇಲಿನ ಆಸ್ಪತ್ರೆಗೆ ಹಂತ ಹಂತವಾಗಿ ಹೋಗಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಅಗತ್ಯ. ಮೊದಲೇ ಪತ್ರ ಪಡೆದು ಹೊರಟರೆ ಎರಡು ಸಲದ ಅಲೆದಾಟ ತಪ್ಪುತ್ತದೆ.

ಒಂದು ಹಾಳೆಯ ಬಲ

ಪತ್ರ ಕಡ್ಡಾಯವಲ್ಲದವರಿಗೂ ಅದರಿಂದ ಪ್ರಯೋಜನವುಂಟು. 'ಕೀಲುನೋವು, ದಯವಿಟ್ಟು ನೋಡಿ' ಎಂಬ ಒಂದು ಸಾಲಿಗಿಂತ, 'ಆರು ತಿಂಗಳಿಂದ ಕೀಲುನೋವು, ಬಿಸಿಲಿಗೆ ಹೋದಾಗ ದದ್ದು, ಮೂತ್ರದಲ್ಲಿ ಪ್ರೋಟೀನ್. ಲೂಪಸ್ ಶಂಕೆ' ಎಂಬ ಒಕ್ಕಣೆ ಕಂಡಾಗ ತಜ್ಞರಿಗೆ ತುರ್ತಿನ ಅರಿವಾಗುತ್ತದೆ. ಅಂಥ ಪತ್ರವನ್ನು ವೈದ್ಯರು ಬರೆಯಬೇಕಾದರೆ ರೋಗಿಯ ಕಥೆ ಅವರಿಗೆ ಇಡಿಯಾಗಿ ಸಿಗಬೇಕು.

ಇದಕ್ಕೆ ಒಂದು ಹಾಳೆ ಸಾಕು. ಯಾವ ತೊಂದರೆ ಯಾವ ತಿಂಗಳಲ್ಲಿ ಆರಂಭವಾಯಿತು, ಎಷ್ಟು ದಿನ ಇತ್ತು ಎಂಬುದನ್ನು ಕ್ರಮವಾಗಿ ಬರೆಯಬೇಕು. ಬಂದು ಮಾಯವಾಗುವ ದದ್ದು ಮತ್ತು ಬಾವಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಬೇಕು. ಭೇಟಿಯ ದಿನ ಅವು ಇಲ್ಲದಿರುವ ಸಂಭವವೇ ಹೆಚ್ಚು. ಗರ್ಭಪಾತಗಳಾಗಿದ್ದರೆ ಸಂಕೋಚಪಡದೆ ತಿಳಿಸಬೇಕು, ಏಕೆಂದರೆ ಲೂಪಸ್ ಜೊತೆಗೆ ರಕ್ತ ಹೆಪ್ಪುಗಟ್ಟುವ ದೋಷವೂ ಇರಬಹುದು. ಸೇವಿಸಿದ ಔಷಧಗಳ ಪಟ್ಟಿಯಲ್ಲಿ ನೋವಿಗೆ ಹಾಕಿಸಿಕೊಂಡ ಇಂಜೆಕ್ಷನ್, ಹೆಸರಿಲ್ಲದ ಪುಡಿಗಳೂ ಇರಲಿ; ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಲಕ್ಷಣಗಳು ಮರೆಯಾಗಿರುತ್ತವೆ. ರಕ್ತಕಣಗಳ ಎಣಿಕೆ, ಇಎಸ್‌ಆರ್, ಕ್ರಿಯಾಟಿನಿನ್, ಮೂತ್ರ ಪರೀಕ್ಷೆಗಳನ್ನು ಸ್ಥಳೀಯವಾಗಿಯೇ ಮಾಡಿಸಬಹುದು. ಆಂಟಿ ಡಿಎಸ್‌ಡಿಎನ್‌ಎ, ಸಿ3, ಸಿ4 ಮುಂತಾದ ದುಬಾರಿ ಪರೀಕ್ಷೆಗಳ ನಿರ್ಧಾರವನ್ನು ತಜ್ಞರಿಗೆ ಬಿಡುವುದು ಲೇಸು.

ಕೆಲವು ಲಕ್ಷಣಗಳಿಗೆ ಮಾತ್ರ ಪತ್ರವನ್ನೂ ಕಾಯಬಾರದು, ಸರದಿಯನ್ನೂ ಕಾಯಬಾರದು. ಮುಖ ಮತ್ತು ಕಾಲಿನ ಬಾವಿನೊಡನೆ ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ, ಎದೆನೋವು, ಫಿಟ್ಸ್, ಇದ್ದಕ್ಕಿದ್ದಂತೆ ಮಾತು ತೊದಲುವುದು, ಚರ್ಮದಡಿ ರಕ್ತದ ಚುಕ್ಕೆಗಳು ಕಂಡರೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಮುಚ್ಚಿಡುವುದರಿಂದ ಹಾನಿ

ಮದುವೆಯ ವಯಸ್ಸಿನ ಹುಡುಗಿಯರನ್ನು ಹೆಚ್ಚಾಗಿ ಬಾಧಿಸುವ ಕಾಯಿಲೆಯಾದ್ದರಿಂದ ಮನೆಯವರು ಹೆಸರನ್ನೇ ಹೇಳಲು ಹಿಂಜರಿಯುತ್ತಾರೆ. ಮದುವೆಯ ನಂತರ ಗುಟ್ಟಾಗಿ ಮಾತ್ರೆ ನಿಲ್ಲಿಸಿ ಕಾಯಿಲೆ ಕೆರಳಿದರೆ ಅಪಾಯ ಇಮ್ಮಡಿಯಾಗುತ್ತದೆ. ಬಹುಪಾಲು ರೋಗಿಗಳಿಗೆ ನೀಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ಗರ್ಭಿಣಿಯರೂ ಮುಂದುವರಿಸಬಹುದು. ಕಾಯಿಲೆ ಕನಿಷ್ಠ ಆರು ತಿಂಗಳು ಶಾಂತವಾಗಿದ್ದ ಬಳಿಕ ಗರ್ಭಧರಿಸುವುದು ಸುರಕ್ಷಿತ. ಕೆಲವು ಔಷಧಗಳು ಭ್ರೂಣಕ್ಕೆ ಹಾನಿಕರವಾದ್ದರಿಂದ ಅವುಗಳನ್ನು ಮುಂಚಿತವಾಗಿಯೇ ಬದಲಿಸಬೇಕಾಗುತ್ತದೆ. ಇದೆಲ್ಲವೂ ಸಾಧ್ಯವಾಗುವುದು ವಿಷಯ ತಜ್ಞರಿಗೂ ಮನೆಯವರಿಗೂ ಗೊತ್ತಿದ್ದಾಗ ಮಾತ್ರ.

1950ರ ದಶಕದಲ್ಲಿ ಲೂಪಸ್ ಎಂದು ಗುರುತಿಸಲ್ಪಟ್ಟವರಲ್ಲಿ ಅರ್ಧದಷ್ಟು ಮಂದಿ ನಾಲ್ಕೈದು ವರ್ಷ ಬದುಕುವುದೂ ಕಷ್ಟವಾಗಿತ್ತು. ಇಂದು ಸಕಾಲದಲ್ಲಿ ಚಿಕಿತ್ಸೆ ದೊರೆತವರು ಓದು, ಉದ್ಯೋಗ, ಸಂಸಾರ ಎಲ್ಲವನ್ನೂ ನಿಭಾಯಿಸುತ್ತ ದಶಕಗಳ ಕಾಲ ಬಾಳುತ್ತಿದ್ದಾರೆ. ಬೇರೆ ಬೇರೆ ಚೀಟಿಗಳಲ್ಲಿ ಹಂಚಿಹೋಗಿರುವ ಲಕ್ಷಣಗಳನ್ನು ಒಂದೇ ಹಾಳೆಗೆ ತಂದು ವೈದ್ಯರ ಮುಂದಿಡುವುದು ಆ ದಾರಿಯ ಮೊದಲ ಹೆಜ್ಜೆ.