ನೀರಿನ ಮೇಲೆ ಎಂಜಿನ್ನುಗಳ ಪೈಪೋಟಿ

ದೀರ್ಘಾವಧಿಯ ಮೋಟಾರು ದೋಣಿ ಪಂದ್ಯದಲ್ಲಿ ವೇಗಕ್ಕಿಂತ ಬಾಳಿಕೆಯೇ ದೊಡ್ಡದು. ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯಬೇಕು. ತೇಲಿಬಂದ ಒಂದು ಮರದ ತುಂಡು ಬಡಿದರೂ ಪ್ರೊಪೆಲ್ಲರ್ ಮುರಿದೀತು.

ಅಮೆರಿಕದಲ್ಲಿ ಇವಿನ್ರೂಡ್, ಜಾನ್ಸನ್ ಎಂಬ ಎಂಜಿನ್ನುಗಳೆರಡೂ ಒಎಂಸಿ ಕಂಪನಿಯವಾಗಿದ್ದವು. ಅದಕ್ಕೆ ಎದುರು ನಿಂತದ್ದು ಕಾರ್ಲ್ ಕೀಕ್‌ಹೇಫರ್ ಅವರ ಮರ್ಕ್ಯುರಿ. ಪ್ರತಿಸ್ಪರ್ಧಿಗಳ ಕಣ್ಣು ತಪ್ಪಿಸಿ ಎಂಜಿನ್ನುಗಳನ್ನು ಪರೀಕ್ಷಿಸಲು ಅವರು ಫ್ಲಾರಿಡಾದಲ್ಲಿ ಕಾಡು ಸುತ್ತುವರಿದ ಕೆರೆಯೊಂದನ್ನು ಹಿಡಿದು ‘ಲೇಕ್ ಎಕ್ಸ್’ ಎಂದು ಕರೆದರು. 1957ರಲ್ಲಿ ಅಲ್ಲಿ ಆರು ಸಿಲಿಂಡರಿನ ಎಂಜಿನ್ನುಗಳು 25,000 ಮೈಲಿ, ಅಂದರೆ ಸುಮಾರು 40,000 ಕಿ.ಮೀ. ಓಡಿದವು. ದೋಣಿ ಓಡುತ್ತಿರುವಾಗಲೇ ಇಂಧನ ತುಂಬಲಾಗುತ್ತಿತ್ತು. ಜಾಹೀರಾತಿಗೆಂದೇ ನಡೆದದ್ದಾದರೂ ಅದು ನಿಜವಾದ ಸಾಧನೆ.

ಯುರೋಪಿನಲ್ಲಿ ಹೆಸರಾದದ್ದು ಫ್ರಾನ್ಸಿನ ರುವಾನ್ ನಗರದ 24 ಗಂಟೆಗಳ ಪಂದ್ಯ. 1964ರಲ್ಲಿ ಆರಂಭವಾದ ಇದರಲ್ಲಿ ದೋಣಿಗಳು ಸೇನ್ ನದಿಯ ಲಾಕ್ರುವಾ ದ್ವೀಪವನ್ನು ಸುತ್ತುತ್ತಿದ್ದವು. ಚಾಲಕರು ಸರದಿಯ ಮೇಲೆ ಬದಲಾಗುತ್ತಿದ್ದರು. ಎಂಜಿನ್ನಿಗೆ ಆ ವಿಶ್ರಾಂತಿ ಇರಲಿಲ್ಲ.

ಕೀಕ್‌ಹೇಫರ್ 1970ರಲ್ಲಿ ಮರ್ಕ್ಯುರಿ ತೊರೆದರು. ಒಎಂಸಿ 2000ದ ಕೊನೆಯಲ್ಲಿ ದಿವಾಳಿಯಾಯಿತು. ಇವಿನ್ರೂಡ್ ಎಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತಿತು. ಮರ್ಕ್ಯುರಿ ಈಗಲೂ ಮಾರುಕಟ್ಟೆಯಲ್ಲಿದೆ.