‘ತಂಪು’ ದೀಪಕ್ಕೂ ತಟ್ಟುವ ಬಿಸಿ: ಮನೆಯೊಳಗಿನ ತೋಟಕ್ಕೆ ಬೇಕು ಶಾಖದ ಲೆಕ್ಕಾಚಾರ

ಗೊರವನಹಳ್ಳಿ (ಕೊರಟಗೆರೆ): ಮಹಾಲಕ್ಷ್ಮಿ ದೇವಸ್ಥಾನದಿಂದ ನಾಡಿನಾದ್ಯಂತ ಹೆಸರಾದ ಗೊರವನಹಳ್ಳಿಯ ಆಸುಪಾಸಿನ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಮಳೆಗೆ ಬರವಿರಬಹುದು, ಬಿಸಿಲಿಗಿಲ್ಲ. ಇಲ್ಲಿಂದ ಹೊರಟು ತುಮಕೂರು, ಬೆಂಗಳೂರು ಸೇರಿದವರ ಮನೆಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಒತ್ತೊತ್ತಾಗಿ ಎದ್ದ ಕಟ್ಟಡಗಳ ನಡುವೆ ಒಂದು ಕುಂಡ ಕೊತ್ತಂಬರಿ ಬೆಳೆಯುವಷ್ಟು ಬಿಸಿಲೂ ಸಿಗುವುದಿಲ್ಲ. ಈ ಕೊರತೆ ನೀಗಿಸಲು ಬಂದಿರುವುದೇ ಎಲ್‌ಇಡಿ ಗ್ರೋ ಲೈಟ್.

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಹೀಗಾಗಿಯೇ ಅದನ್ನು ಕಪಾಟಿನ ಒಳಗೆ, ಮೆಟ್ಟಿಲಿನ ಕೆಳಗೆ, ಗಾಳಿಯಾಡದ ಮೂಲೆಯಲ್ಲಿ ತೂಗುಹಾಕಿ ದಿನಕ್ಕೆ 14 ಗಂಟೆ ಉರಿಸುವವರಿದ್ದಾರೆ. ಕೆಲವೇ ತಿಂಗಳಲ್ಲಿ ಬೆಳಕು ಮಂಕಾಗುತ್ತದೆ, ಎಲೆ ಮುದುಡುತ್ತದೆ. ಕಳಪೆ ವೈರಿಂಗ್ ಇದ್ದರೆ ಬೆಂಕಿಯ ಅಪಾಯವೂ ಉಂಟು.

ಶಾಖ ಬರುವುದೆಲ್ಲಿಂದ?

ಹಳೆಯ ಬುರುಡೆ ಬಲ್ಬು ತನ್ನ ಶಾಖದ ಬಹುಪಾಲನ್ನು ಅವಗೆಂಪು ಕಿರಣಗಳ ರೂಪದಲ್ಲಿ ಮುಂದಕ್ಕೆ ಎಸೆಯುತ್ತಿತ್ತು. ಎಲ್‌ಇಡಿಯ ಬೆಳಕಿನಲ್ಲಿ ಅಂತಹ ಕಿರಣಗಳು ತೀರಾ ಕಡಿಮೆ. ಆದ್ದರಿಂದ ದೀಪದ ಮುಂದೆ ಕೈಯಿಟ್ಟರೆ ತಂಪೆನಿಸುತ್ತದೆ. ಆದರೆ ಬಳಸಿದ ವಿದ್ಯುತ್ತೆಲ್ಲ ಬೆಳಕಾಗುವುದಿಲ್ಲ. ಒಳ್ಳೆಯ ದರ್ಜೆಯ ದೀಪದಲ್ಲೂ ಸರಿಸುಮಾರು ಅರ್ಧದಷ್ಟು ಶಾಖವಾಗುತ್ತದೆ, ಅಗ್ಗದ ದೀಪಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಸಾಸಿವೆ ಕಾಳಿನಷ್ಟು ಪುಟ್ಟ ಚಿಪ್ಪಿನಲ್ಲಿ ಹುಟ್ಟುವ ಈ ಶಾಖ ಹಿಂಬದಿಯ ಅಲ್ಯೂಮಿನಿಯಂ ಫಲಕಕ್ಕೆ, ಅಲ್ಲಿಂದ ಗಾಳಿಗೆ ಹರಿದು ಹೋಗಬೇಕು. ಆ ದಾರಿ ಕಟ್ಟಿಕೊಂಡರೆ ಚಿಪ್ಪು ಒಳಗೇ ಬೇಯುತ್ತದೆ.

ಮರೆಯಬಾರದ ಇನ್ನೊಂದು ಅಂಶವಿದೆ. ಎಲೆ, ಗೋಡೆ, ಮಣ್ಣಿನ ಮೇಲೆ ಬಿದ್ದ ಬೆಳಕೂ ಕೊನೆಗೆ ಬಹುಮಟ್ಟಿಗೆ ಶಾಖವಾಗಿಯೇ ಪರಿವರ್ತನೆಗೊಳ್ಳುತ್ತದೆ. ಎಂದರೆ ಮುಚ್ಚಿದ ಕಪಾಟಿನಲ್ಲಿ 100 ವ್ಯಾಟ್‌ನ ದೀಪ ಉರಿಸುವುದೂ, 100 ವ್ಯಾಟ್‌ನ ಹೀಟರ್ ಇಡುವುದೂ ಶಾಖದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ.

ಪಾವಗಡದ ಪಾಠ

ಇದೇ ಸೀಮೆಯ ಪಾವಗಡದಲ್ಲಿ ಈ ವಿಜ್ಞಾನದ ಮತ್ತೊಂದು ಮುಖ ಕಾಣಸಿಗುತ್ತದೆ. ತಿರುಮಣಿ, ವಳ್ಳೂರು ಸೇರಿದಂತೆ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ, 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಸೌರ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್. ಸೌರ ಫಲಕವೂ ಎಲ್‌ಇಡಿಯಂತೆ ಅರೆವಾಹಕ ವಸ್ತುವಿನಿಂದಲೇ ಆದದ್ದು. ಒಂದು ಬೆಳಕನ್ನು ವಿದ್ಯುತ್ತಾಗಿಸಿದರೆ ಇನ್ನೊಂದು ವಿದ್ಯುತ್ತನ್ನು ಬೆಳಕಾಗಿಸುತ್ತದೆ. ಎರಡಕ್ಕೂ ಬಿಸಿ ಆಗಿಬರುವುದಿಲ್ಲ.

ಸಾಮಾನ್ಯ ಸಿಲಿಕಾನ್ ಫಲಕದ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ದಾಟಿದ ನಂತರ ಪ್ರತಿ ಡಿಗ್ರಿಗೆ ಶೇ 0.4ರಷ್ಟು ಉತ್ಪಾದನೆ ಕುಸಿಯುತ್ತದೆ. ಬೇಸಿಗೆಯ ನಡುಹಗಲು ಫಲಕ 65 ಡಿಗ್ರಿಗೆ ಕಾದರೆ ಶೇ 16ರಷ್ಟು ನಷ್ಟ. ಆದ್ದರಿಂದಲೇ ಫಲಕಗಳ ಅಡಿಯಲ್ಲಿ ಗಾಳಿ ಹರಿಯುವಂತೆ ಸ್ಟ್ಯಾಂಡ್ ಮೇಲೆ ಎತ್ತರಿಸಿ ನಿಲ್ಲಿಸುತ್ತಾರೆ. ಗ್ರೋ ಲೈಟ್‌ನಲ್ಲೂ ಇದೇ ಕಥೆ. ಗಿಡಕ್ಕೆ ಮುಖ್ಯವಾದ 660 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕಿನ ಚಿಪ್ಪು, ನೀಲಿ ಚಿಪ್ಪಿಗಿಂತ ಬೇಗ ಬಿಸಿಗೆ ಸೋಲುತ್ತದೆ. ದೀಪ ಉರಿಯುತ್ತಲೇ ಇದ್ದರೂ ಗಿಡಕ್ಕೆ ಬೇಕಾದ ಬೆಳಕು ಕಡಿಮೆಯಾಗಿರುತ್ತದೆ.

ಡ್ರೈವರ್ ಹೊರಗಿರಲಿ

ಹೆಚ್ಚಿನ ದೀಪಗಳಲ್ಲಿ ಮೊದಲು ಕೆಡುವುದು ಎಲ್‌ಇಡಿಯಲ್ಲ, ಅದಕ್ಕೆ ವಿದ್ಯುತ್ ಒದಗಿಸುವ ಡ್ರೈವರ್ ಎಂಬ ಪೆಟ್ಟಿಗೆ. ಅದರೊಳಗಿನ ಕೆಪಾಸಿಟರ್‌ಗಳ ಆಯುಸ್ಸು, ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರ್‌ಗಳು ಅನುಸರಿಸುವ ಸ್ಥೂಲ ನಿಯಮ. ಬಾಳೆ ಸಸಿ ಬೆಳೆಸುವ ಅಂಗಾಂಶ ಕೃಷಿ ಪ್ರಯೋಗಾಲಯಗಳು ಟ್ಯೂಬ್‌ಲೈಟ್ ಕಾಲದಲ್ಲೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದವು. ಟ್ಯೂಬ್ ಒಳಗೆ, ಅದರ ಚೋಕ್ ಕೋಣೆಯ ಹೊರಗೆ. ಡ್ರೈವರ್ ಪ್ರತ್ಯೇಕವಾಗಿರುವ ದೀಪ ಕೊಂಡರೆ ಮನೆಯಲ್ಲೂ ಹೀಗೆ ಮಾಡಬಹುದು. ನೀರು ಚಿಮ್ಮದ, ಗಾಳಿಯಾಡುವ ಜಾಗದಲ್ಲಿ ಅದನ್ನು ಇಡಬೇಕು.

ಗಾಳಿಗೆ ದಾರಿ

ಬಿಸಿ ಗಾಳಿ ಮೇಲೇರುತ್ತದೆ. ಆದ್ದರಿಂದ ಕೆಳಗೆ ತಂಪು ಗಾಳಿ ಒಳಬರಲು ಕಿಂಡಿ, ಮೇಲ್ಭಾಗದಲ್ಲಿ ಹೊರತಳ್ಳಲು ಫ್ಯಾನ್ ಇರಬೇಕು. 100 ವ್ಯಾಟ್ ಶಾಖವನ್ನು ಹೊರಹಾಕಿ, ಕಪಾಟಿನೊಳಗಿನ ಉಷ್ಣಾಂಶ ಕೋಣೆಗಿಂತ 3 ಡಿಗ್ರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಲು ಗಂಟೆಗೆ ಸುಮಾರು 100 ಘನ ಮೀಟರ್ ಗಾಳಿ ಹರಿಯಬೇಕಾಗುತ್ತದೆ. ಸ್ನಾನಗೃಹಕ್ಕೆ ಬಳಸುವ 6 ಇಂಚಿನ ಎಕ್ಸಾಸ್ಟ್ ಫ್ಯಾನ್‌ಗೆ ಇದು ದೊಡ್ಡ ಹೊರೆಯಲ್ಲ.

ದೀಪದ ಬೆನ್ನು ಚಾವಣಿಗೆ ಅಂಟಿಕೊಂಡಿರಬಾರದು, ಒಂದು ಗೇಣಿನಷ್ಟಾದರೂ ಅಂತರವಿರಲಿ. ಲೋಹದ ರೆಕ್ಕೆಗಳ ಮೇಲೆ ಕೂರುವ ಧೂಳು ಕಂಬಳಿ ಹೊದಿಸಿದಂತೆ ಶಾಖವನ್ನು ತಡೆಯುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಳಚಿ ಒಣ ಬ್ರಷ್‌ನಿಂದ ತೆಗೆಯಬೇಕು. ಬೆಳಕು ತಗ್ಗಿಸುವ ಸೌಲಭ್ಯವಿದ್ದರೆ, ಒಂದು ದೀಪವನ್ನು ಪೂರ್ಣವಾಗಿ ಉರಿಸುವ ಬದಲು ಎರಡನ್ನು ಅರ್ಧ ಶಕ್ತಿಯಲ್ಲಿ ಉರಿಸುವುದು ಲೇಸು. ಕಡಿಮೆ ವಿದ್ಯುತ್ ಪ್ರವಾಹದಲ್ಲಿ ಎಲ್‌ಇಡಿಯ ದಕ್ಷತೆ ಹೆಚ್ಚು, ಶಾಖವೂ ಎರಡು ಕಡೆ ಹಂಚಿಹೋಗುತ್ತದೆ.

ರಾತ್ರಿಯೇ ಹಗಲಾಗಲಿ

ಖರ್ಚಿಲ್ಲದ ಉಪಾಯವೆಂದರೆ ಹೊತ್ತಿನ ಬದಲಾವಣೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಕೋಣೆಯೇ ಕಾದಿರುವಾಗ ದೀಪ ಉರಿಸುವುದು ಗಾಯದ ಮೇಲೆ ಬರೆ ಎಳೆದಂತೆ. ಹಗಲಿನ ಬೆಳಕು ಬಾರದ ಕೋಣೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ ದೀಪ ಉರಿಸಿ, ಹಗಲನ್ನೇ ಗಿಡಕ್ಕೆ ರಾತ್ರಿಯಾಗಿಸಬಹುದು. ಟೈಮರ್ ಸ್ವಿಚ್ ಇದ್ದರೆ ಸಾಕು.

ಆದರೆ ಬೆಳಕಿನ ಅವಧಿ ಹೂವನ್ನೂ ನಿಯಂತ್ರಿಸುತ್ತದೆ ಎಂಬುದು ನೆನಪಿರಲಿ. ಸೇವಂತಿಗೆಗೆ ಹೂ ಬಿಡಲು ದೀರ್ಘ ರಾತ್ರಿ ಬೇಕು. ಚಿಕ್ಕಬಳ್ಳಾಪುರ ಭಾಗದ ಬೆಳೆಗಾರರು ರಾತ್ರಿ ಹೊಲದಲ್ಲಿ ಸಾಲು ಬಲ್ಬು ಉರಿಸಿ ಮೊಗ್ಗು ಮುಂದೂಡುವುದು ಈ ಗುಣವನ್ನು ಬಳಸಿಕೊಂಡೇ. ಮನೆಯಲ್ಲಿ ಸೇವಂತಿಗೆಗೆ 14 ಗಂಟೆ ಬೆಳಕು ಕೊಟ್ಟು ಹೂವಿಗಾಗಿ ಕಾದರೆ ನಿರಾಶೆಯೇ ಗತಿ. ಕೊತ್ತಂಬರಿಯದು ಬೇರೆ ಸ್ವಭಾವ: ಬಿಸಿಯೂ ದೀರ್ಘ ಬೆಳಕೂ ಸೇರಿದರೆ ಬೇಗ ಹೂಬಿಟ್ಟು ಸೊಪ್ಪು ಒರಟಾಗುತ್ತದೆ. ಅದಕ್ಕೆ 12 ಗಂಟೆ ಧಾರಾಳ.

ಎಲೆ ಹೇಳುವ ಸುದ್ದಿ

ದೀಪಕ್ಕೆ ಹತ್ತಿರದ ಎಲೆಗಳು ಮಾತ್ರ ಬಿಳುಚಿಕೊಂಡರೆ ಬೆಳಕು ಅತಿಯಾಗಿದೆ ಎಂದರ್ಥ, ದೀಪವನ್ನು ಮೇಲೆತ್ತಬೇಕು. ಎಲೆಯಂಚು ಮೇಲ್ಮುಖವಾಗಿ ಮುದುಡಿ, ನೀರಿದ್ದರೂ ಗಿಡ ಬಾಡಿದರೆ ಶಾಖದ ಕಡೆ ಗಮನ ಹರಿಸಬೇಕು. ಲೆಟ್ಯೂಸ್‌ನಂತಹ ಸೊಪ್ಪಿಗೆ 18ರಿಂದ 24 ಡಿಗ್ರಿ ಹಿತಕರ. ಕಾಮಕಸ್ತೂರಿ, ಮೆಣಸಿನ ಗಿಡಗಳು ಇದಕ್ಕಿಂತ ಹೆಚ್ಚಿನ ಬಿಸಿ ತಾಳುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಬೆಳೆಯ ಆಯ್ಕೆಯೂ ಒಂದು ಪರಿಹಾರವೇ.

ಗಮನದಲ್ಲಿರಲಿ

* ಥರ್ಮಾಮೀಟರನ್ನು ಗಿಡದ ತುದಿಯ ಎತ್ತರದಲ್ಲಿ, ನೇರ ಬೆಳಕು ಬೀಳದಂತೆ ಮರೆಮಾಡಿ ಇಡಿ.
* ಅವಗೆಂಪು ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ.
* ಲೋಹದ ಕವಚದ ದೀಪಕ್ಕೆ ಮೂರು ಪಿನ್ ಪ್ಲಗ್, ಸರಿಯಾದ ಅರ್ಥಿಂಗ್ ಕಡ್ಡಾಯ.
* ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ದೀಪ, ಫ್ಯಾನ್, ಪಂಪ್ ಎಲ್ಲವನ್ನೂ ಜೋಡಿಸಬೇಡಿ.
* ಸುಟ್ಟ ವಾಸನೆ, ಕಪ್ಪಾದ ಪ್ಲಗ್, ಮಿನುಗುವ ಬೆಳಕು ಕಂಡೊಡನೆ ವಿದ್ಯುತ್ ಸಂಪರ್ಕ ಕಡಿತಗೊಳಿಸಿ. ಎಲೆಕ್ಟ್ರಿಷಿಯನ್ ಪರಿಶೀಲಿಸುವವರೆಗೆ ಮತ್ತೆ ಉರಿಸಬೇಡಿ.